ಮೊದಲ ಚರಣದವನು

1999ರ ಅಕ್ಟೋಬರ್ 5ರಂದು ಅಮೆರಿಕದಲ್ಲಿ ‘ಅನ್‌ಕಂಟ್ರೋಲ್ಡ್ ಸಬ್‌ಸ್ಟೆನ್ಸ್’ ಅನ್ನೋ ರ‍್ಯಾಪ್ ಆಲ್ಬಂ ಬಿಡುಗಡೆಯಾಯಿತು. ಹಾಡಿದವನು ಇನ್‌ಸ್ಪೆಕ್ಟಾ ಡೆಕ್. ಅದೇ ತಿಂಗಳು ಇಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ನಾನು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಎಂಟನೇ ಕ್ಲಾಸು ಓದ್ತಾ ಇದ್ದೆ. ಹಾಗಾಗಿ ಆ ಆಲ್ಬಂ ಜನರಿಗೆ ಎಷ್ಟು ನಿರಾಸೆ ಮಾಡ್ತು ಅನ್ನೋದು ನನಗೆ ತಿಳಿದದ್ದು ಆರು ವರ್ಷ ತಡವಾಗಿ.

ಡೆಕ್ ಹೆಸರು ನೀವು ಕೇಳಿಲ್ಲದೇ ಇರಬಹುದು. ರ‍್ಯಾಪ್ ಕೇಳುವವರನ್ನ ವಿಚಾರಿಸಿ ನೋಡಿ. ಇಂಥ ಹಾಡಲ್ಲಿ ಡೆಕ್ ಚರಣ ಅಂದ ಕೂಡಲೇ ಅವರ ಮುಖ ಅರಳುತ್ತೆ, ಒಂದಿಷ್ಟು ಸಾಲು ಒಪ್ಪಿಸಿಯೂ ಬಿಡ್ತಾರೆ. ಆತನ ಸ್ವಂತ ಆಲ್ಬಂ ಹೇಗಿದೆ ಅಂತ ಕೇಳಿದರೆ ಮಾತ್ರ ‘ಹ್ಞೂಂ, ಪರವಾಗಿಲ್ಲ’ ಅಂತಾರೆ. ಮದುವೆ ಊಟ ಹೇಗಿತ್ತು ಅಂದಾಗ ನಮ್ಮೂರಲ್ಲಿ ಹೇಳೋ ‘ಪರವಾಗಿಲ್ಲ’ ಇದೆಯಲ್ಲ, ಅದೇ ಧಾಟಿ. ಹೇಗಿತ್ತು ಅಂತ ಗೊತ್ತಾಯ್ತಲ್ಲ?

ಮುಖ ಅರಳುವುದಕ್ಕೂ ಆ ‘ಪರವಾಗಿಲ್ಲ’ಕ್ಕೂ ನಡುವೆ ಏನಾಯ್ತು ಅನ್ನೋದು ಸುಮಾರು ವರ್ಷದಿಂದ ನನ್ನ ತಲೆ ತಿಂತಿದೆ. ಈಗೀಗ ಅದು ನನ್ನ ಕೆಲಸಕ್ಕೂ ತಾಗಿಕೊಂಡಿರೋದರಿಂದ ಬರೆದೇ ಬಿಡೋಣ ಅನ್ನಿಸ್ತು.

ಮೊದಲು, ನನಗೂ ಈ ಸಂಗೀತಕ್ಕೂ ಎತ್ತಣಿಂದೆತ್ತ ಸಂಬಂಧ ಅಂತ ಹೇಳಿಬಿಡ್ತೀನಿ. ಬಿ.ಇ. ಎರಡನೇ ವರ್ಷದಲ್ಲಿ ನನ್ನ ರೂಮ್‌ಮೇಟ್ ಬೆಂಗಳೂರಿನ ಹುಡುಗ. ಕಂಪ್ಯೂಟರ್ ಅವನದು, ಅದರ ತುಂಬ ಇದ್ದ ಎಂಪಿ3ಗಳೂ ಅವನವು. ರಾತ್ರಿ ಅಸೈನ್‌ಮೆಂಟ್ ಬರೆಯೋವಾಗ ಹಾಕ್ತಿದ್ದ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನಗೆ ಒಂದು ಪದವೂ ತಿಳೀತಿರಲಿಲ್ಲ. ಆದರೆ ಮಾತು ತಾಳಕ್ಕೆ ಹೀಗೆ ಬಿಗಿಯಾಗಿ ಕೂರುವುದನ್ನ ನಾನು ಆಟದ ಚೌಕಿಯಲ್ಲಿ, ತಾಳಮದ್ದಲೆಯಲ್ಲಿ ಕೇಳಿದ್ದೆ. ಹಾಡಿನ ಸಾಹಿತ್ಯವನ್ನ ಸೈಬರ್ ಕೆಫೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕೂತೆ. ಅರ್ಧ ಪದ ಡಿಕ್ಷನರಿಯಲ್ಲೇ ಇರಲಿಲ್ಲ! ಅದರಿಂದ ನನಗೆ ಎಂಥ ಸಮಾಧಾನ ಆಯ್ತು ಅಂದರೆ ಹೇಳತೀರದು. ಇಂಗ್ಲಿಷನ್ನ ತಮಗೆ ಬೇಕಾದ ಹಾಗೆ ಮುರಿದು ಕಟ್ಟಿಕೊಂಡು, ಅದನ್ನೇ ಗತ್ತಿನಿಂದ ಹೇಳುವ ಜನ ಪ್ರಪಂಚದಲ್ಲಿ ಇದ್ದಾರೆ ಅಂತ ಆಗ ಗೊತ್ತಾಯ್ತು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ನಾನು ಬಾಯಿ ಬಿಟ್ಟಿದ್ದರ ಹಿಂದೆ ಆ ಹುಡುಗನ ಎಂಪಿ3ಗಳ ಪಾಲೂ ಇದೆ.

ಅದರಲ್ಲಿ ಅತಿ ಹೆಚ್ಚು ಇದ್ದದ್ದು ವು-ಟ್ಯಾಂಗ್ ಕ್ಲಾನ್. ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡ್ ಅನ್ನೋ ಕಡೆಯಿಂದ ಬಂದ ತಂಡ. ಮ್ಯಾನ್‌ಹಟನ್‌ನಿಂದ ಫೆರ‍್ರಿ ಹತ್ತಿ ಹೋಗಬೇಕಾದ ಜಾಗ. ಉಳಿದ ನ್ಯೂಯಾರ್ಕಿನವರು ಅದನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂಬತ್ತು ಜನ. ಎಲ್ಲರೂ ಚೀನೀ ಕುಂಗ್ ಫೂ ಸಿನಿಮಾ ನೋಡಿ ತಲೆ ಕೆಡಿಸಿಕೊಂಡವರು. 1993ರ ನವೆಂಬರಿನಲ್ಲಿ ಬಂದ ಮೊದಲ ಆಲ್ಬಂ ಹೆಸರಿನಲ್ಲಿರುವ ‘36 ಚೇಂಬರ್ಸ್’ ಅನ್ನೋದೂ ಅಂಥದ್ದೇ ಒಂದು ಸಿನಿಮಾದಿಂದ ಬಂದದ್ದು. ತಂಡದ ತಲೆ ರಿಝಾ. ಬೀಟ್ ಮಾಡುತ್ತಿದ್ದವನು ಅವನು. ಯಾವ ಬೀಟಿನ ಮೇಲೆ ಯಾರು ಹಾಡಬೇಕು, ಯಾರ ಚರಣ ಉಳಿಯಬೇಕು, ಯಾರದ್ದು ಕತ್ತರಿಸಬೇಕು ಅಂತ ತೀರ್ಮಾನಿಸುತ್ತಿದ್ದವನೂ ಅವನೇ. ‘ಐದು ವರ್ಷ ನನ್ನ ಮಾತು ಕೇಳಿ, ಆಮೇಲೆ ನಿಮ್ಮ ದಾರಿ ನಿಮಗೆ’ ಅನ್ನೋ ಅರ್ಥದ ಒಪ್ಪಂದವನ್ನ ಅವನು ಗೆಳೆಯರ ಜೊತೆ ಮಾಡಿಕೊಂಡಿದ್ದ. ಆಟ ನೋಡಿದವರಿಗೆ ಒಂದೇ ಮಾತಲ್ಲಿ ಹೇಳಬಹುದು: ರಿಝಾ ಭಾಗವತ.

ಕಂಪನಿ ಜೊತೆಗಿನ ಕರಾರು ಇನ್ನೂ ಚುರುಕಾಗಿತ್ತು. ತಂಡವಾಗಿ ಲೌಡ್ ರೆಕಾರ್ಡ್ಸ್‌ಗೆ ಹಾಡಿದರೂ ಒಬ್ಬೊಬ್ಬರು ಬೇರೆ ಬೇರೆ ಕಂಪನಿಗೆ ಸ್ವಂತ ಆಲ್ಬಂ ಮಾಡಿಕೊಳ್ಳಬಹುದು. ಸರಿ, ಸರದಿ ಶುರುವಾಯ್ತು. 1994ರಲ್ಲಿ ಮೆಥಡ್ ಮ್ಯಾನ್. 1995ರಲ್ಲಿ ಓಲ್ ಡರ್ಟಿ ಬಾಸ್ಟರ್ಡ್, ರೇಕ್ವಾನ್, ಜಿಝಾ, ಒಂದೇ ವರ್ಷದಲ್ಲಿ ಮೂರು ಜನ. 1996ರಲ್ಲಿ ಘೋಸ್ಟ್‌ಫೇಸ್ ಕಿಲ್ಲಾ. ಇವುಗಳಲ್ಲಿ ಎರಡು ಮೂರನ್ನಾದರೂ ರ‍್ಯಾಪ್ ಇತಿಹಾಸದ ದೊಡ್ಡ ಆಲ್ಬಂಗಳ ಪಟ್ಟಿಯಿಂದ ಯಾರೂ ಬಿಡೋದಿಲ್ಲ.

ಇಷ್ಟೂ ವರ್ಷ ಡೆಕ್ ಏನು ಮಾಡ್ತಿದ್ದ? ಎಲ್ಲರ ಆಲ್ಬಂಗಳಲ್ಲಿ ಚರಣ ಹಾಡ್ತಿದ್ದ.

ತಂಡವನ್ನ ಪ್ರಪಂಚಕ್ಕೆ ಪರಿಚಯಿಸಿದ ‘ಪ್ರೊಟೆಕ್ಟ್ ಯಾ ನೆಕ್’ ಹಾಡಲ್ಲಿ ಮೊದಲ ಚರಣ ಅವನದ್ದು. ‘ಕ್ರೀಮ್’ ಹಾಡಲ್ಲಿ ಎರಡನೇ ಚರಣ. ಹದಿನೈದಕ್ಕೇ ಜೈಲು ಕಂಡ ಹುಡುಗನೊಬ್ಬ ಹೊರಗೆ ಬಂದು ಬದುಕಿನ ಅರ್ಥ ಹುಡುಕುವ ಕಥೆ. ರೇಕ್ವಾನ್ ಆಲ್ಬಂನ ‘ಗಿಲಟಿನ್’ ಹಾಡನ್ನ ಶುರು ಮಾಡಿಕೊಡೋನು ಅವನು. ಜಿಝಾ ಆಲ್ಬಂನ ‘ಕೋಲ್ಡ್ ವರ್ಲ್ಡ್’ನಲ್ಲೂ ಇದ್ದಾನೆ. 1997ರಲ್ಲಿ ತಂಡದ ಎರಡನೇ ಆಲ್ಬಂ ಬಂದು ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೆ ಏರಿತು. ಅದರ ಮುಖ್ಯ ಹಾಡು ‘ಟ್ರಯಂಫ್’. ಪಲ್ಲವಿಯೇ ಇಲ್ಲದ, ಆರು ನಿಮಿಷದ ಹತ್ತಿರದ ಹಾಡು. ಒಬ್ಬರಾದ ಮೇಲೆ ಒಬ್ಬರು ಬಂದು ಹೋಗ್ತಾರೆ. ಅದರಲ್ಲೂ ಮೊದಲು ಬರೋನು ಡೆಕ್. ಅವನ ಚರಣ ಮುಗಿಯೋ ಹೊತ್ತಿಗೆ ಹಿಂದೆ ಬರೋರ ಪಾಡು ಏನು ಅಂತ ಅಯ್ಯೋ ಅನ್ನಿಸುತ್ತೆ. ಅಷ್ಟು ಮಂದಿ ಘಟಾನುಘಟಿಗಳು ಸೇರಿದ ಹಾಡನ್ನ ಒಬ್ಬ ಮೊದಲ ನಿಮಿಷದಲ್ಲೇ ಗೆದ್ದುಕೊಂಡು ಹೋಗಿಬಿಟ್ಟಿದ್ದಾನೆ.

ನಂಬಿಕಸ್ಥರಿಗೆ ಇದೊಂದು ಶಾಪ. ಹಾಡು ಗಟ್ಟಿಯಾಗಿ ಶುರುವಾಗಬೇಕಾ? ಡೆಕ್‌ನ ಕರೀರಿ. ಬಂದ, ಹಾಡಿದ, ಹೋದ. ಅವನು ಹೇಗೂ ಇರ್ತಾನಲ್ಲ! ಯಾವಾಗ ಬೇಕಾದರೂ ಸಿಗೋನ ಸರದಿ ಯಾವಾಗಲೂ ಕೊನೆಗೆ.

ಅಷ್ಟರಲ್ಲಿ ನೀರು ನುಗ್ಗಿತು. 90ರ ದಶಕದ ನಡುವಿನಲ್ಲಿ ರಿಝಾನ ಸ್ಟುಡಿಯೋ ಇದ್ದದ್ದು ಮನೆಯ ಬೇಸ್‌ಮೆಂಟಿನಲ್ಲಿ. ಅಲ್ಲಿಗೆ ನೀರು ನುಗ್ಗಿ, ಮಾಡಿಟ್ಟಿದ್ದ ನೂರಾರು ಬೀಟ್‌ಗಳು ಹಾಳಾದವು. ಅದರಲ್ಲಿ ಡೆಕ್‌ಗೆ ಅಂತ ಎತ್ತಿಟ್ಟವೂ ಇದ್ದವು. ನೆಲದಡಿಯಲ್ಲಿ ಬೆಲೆಬಾಳುವ ಸಾಮಾನು ಇಡೋದು ಮಲೆನಾಡಿನವನಿಗೆ ಅರ್ಥವಾಗದ ವ್ಯವಹಾರ. ನಮ್ಮಲ್ಲಿ ಅಡಿಕೆ, ಭತ್ತದ ಬೀಜ, ಕಾಗದಪತ್ರ ಎಲ್ಲ ಅಟ್ಟದ ಮೇಲೆ. ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಹೇಳೋಕಾಗಲ್ಲ ಅಂತ ಅಪ್ಪಯ್ಯ ಪ್ರತಿ ಜೂನ್‌ನಲ್ಲೂ ಹೇಳ್ತಿದ್ದರು. ನಾನು ಹನ್ನೊಂದು ವರ್ಷದಿಂದ ಮಾಡ್ತಿರೋ ಕೆಲಸದಲ್ಲಿ ಇದನ್ನೇ ಬ್ಯಾಕಪ್ ಅಂತಾರೆ: ಒಂದು ಪ್ರತಿ ಬೇರೆ ಜಾಗದಲ್ಲಿರಲಿ.

ಅಭಿಮಾನಿಗಳು ಇವತ್ತಿಗೂ ಎಲ್ಲದಕ್ಕೂ ಆ ನೀರನ್ನೇ ಬೈತಾರೆ. ನೀರು ನುಗ್ಗದೇ ಇದ್ದಿದ್ದರೆ ಡೆಕ್ ಆಲ್ಬಂ 1996ರ ಸುಮಾರಿಗೆ ಬಂದು ಚರಿತ್ರೆ ಆಗ್ತಿತ್ತು ಅಂತ. ನನಗೆ ಇದು ಅರ್ಧ ನಿಜ ಅನ್ನಿಸುತ್ತೆ. ಹಾಳಾದ ಬೀಟನ್ನ ಇನ್ನೊಮ್ಮೆ ಮಾಡಬಹುದು. ಮತ್ತೆ ಮಾಡೋಕೆ ಆಗದೇ ಇದ್ದದ್ದು ಆ ಎರಡು ವರ್ಷಗಳನ್ನ. ಆಗ ರಿಝಾ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ಅವರ ದನಿಗೆ ಹೊಂದುವ ಬೇರೆಯದೇ ಲೋಕ ಕಟ್ಟಿಕೊಡ್ತಿದ್ದ. ರೇಕ್ವಾನ್‌ಗೆ ಕಳ್ಳವ್ಯಾಪಾರದ ಸಿನಿಮಾ, ಜಿಝಾಗೆ ಚಳಿ ಹಿಡಿದ ಕತ್ತಿಯ ಕಥೆ. ಡೆಕ್ ಆ ಕೋಣೆಯಲ್ಲಿ ಕೂತಾಗಲೆಲ್ಲ ಕಟ್ಟುತ್ತಿದ್ದದ್ದು ಬೇರೆಯವರ ಲೋಕ.

ಅವನ ಸರದಿ ಬಂದಾಗ 1999. ರಿಝಾ ಕೇಳಿದ್ದ ಐದು ವರ್ಷ ಮುಗಿದಿತ್ತು. ಮೆಥಡ್ ಮ್ಯಾನ್, ಓಲ್ ಡರ್ಟಿ ಬಾಸ್ಟರ್ಡ್ ಆಗಲೇ ಎರಡನೇ ಆಲ್ಬಂ ಬಿಟ್ಟಾಗಿತ್ತು. ವು-ಟ್ಯಾಂಗ್ ಮುದ್ರೆ ಹೊತ್ತ ಹತ್ತಾರು ಆಲ್ಬಂಗಳು ಅಂಗಡಿ ತುಂಬಿ, ಜನಕ್ಕೆ ಸಾಕಪ್ಪಾ ಅನ್ನಿಸಿತ್ತು. ಎಮಿನೆಮ್ ಬಂದಾಗಿತ್ತು, ಗಾಳಿಯೇ ಬೇರೆ ಕಡೆ ಬೀಸ್ತಿತ್ತು. ಡೆಕ್ ಆಲ್ಬಂನಲ್ಲಿ ರಿಝಾನ ಬೀಟ್ ಇದ್ದದ್ದು ಎರಡೇ. ಉಳಿದದ್ದು ಅವನ ಶಿಷ್ಯರು ಟ್ರೂ ಮಾಸ್ಟರ್, ಫೋರ್ತ್ ಡಿಸೈಪಲ್, ಒಂದು ಹಾಡಿಗೆ ಪೀಟ್ ರಾಕ್, ಇನ್ನಷ್ಟನ್ನ ಡೆಕ್ ತಾನೇ ಕೂತು ಮಾಡಿದ್ದು.

ಆಲ್ಬಂ ಕೆಟ್ಟದ್ದೇನಲ್ಲ. ‘ಮೂವಾಸ್ ಆಂಡ್ ಶೇಕರ್ಸ್’ ಶುರುವಾದಾಗ ನೀವು ಎದ್ದು ಕೂರ್ತೀರಿ. ಪೀಟ್ ರಾಕ್ ಮಾಡಿದ ‘ಟ್ರಬಲ್ ಮ್ಯಾನ್’ ಬೆಚ್ಚಗಿದೆ. ಕೊನೆಕೊನೆಗೆ ಬರುವ ‘ಶೋ ಎನ್ ಪ್ರೂವ್’ನಲ್ಲಿ ಬೆಳೆದ ಬಗೆಯನ್ನ, ಕಂಡದ್ದನ್ನ ಹೇಳಿಕೊಳ್ಳುವಾಗ ‘ಕ್ರೀಮ್’ನ ಹುಡುಗ ಮತ್ತೆ ಕಾಣ್ತಾನೆ. ಆದರೆ ನಡುವೆ ಹೆಣ್ಣುಮಕ್ಕಳ ಬಗ್ಗೆ ಒಂದೆರಡು ಹಾಡು, ಎಲ್ಲರೂ ಮಾಡ್ತಾರೆ ಅಂತ ಮಾಡಿದ ಹಾಗಿವೆ. ನಾಲ್ಕೈದು ಹಾಡು ಒಂದರಿಂದ ಒಂದಕ್ಕೆ ಯಾವ ವ್ಯತ್ಯಾಸವೂ ಇಲ್ಲದೆ ಹಾದುಹೋಗ್ತವೆ. ಸುಮಾರು ಒಂದು ಗಂಟೆಯ ಆಲ್ಬಂ ಮುಗಿದ ಮೇಲೆ ಒಂದೇ ಒಂದು ಸಾಲೂ ನಿಮ್ಮ ಬಾಯಲ್ಲಿ ಉಳಿಯಲ್ಲ. ‘ಟ್ರಯಂಫ್’ನ ಒಂದು ನಿಮಿಷ ಹಾಡಿದವನ ಆಲ್ಬಂ ಇದೇನಾ ಅನ್ನೋದೇ ನಿರಾಸೆ.

ನಾನು ಇದನ್ನ ಬಹಳ ಸಲ ಕೇಳಿದ್ದೀನಿ. ಕಾರಣ ಅವನ ದನಿಯಲ್ಲೇ ಸ್ವಲ್ಪ ಇದೆ. ಮೆಥಡ್ ಮ್ಯಾನ್‌ಗೆ ಒಂದು ಒರಟು ತುಂಟತನ ಇದೆ. ಡರ್ಟಿ ಬಾಸ್ಟರ್ಡ್ ಹುಚ್ಚಾಟ, ಘೋಸ್ಟ್‌ಫೇಸ್ ಇನ್ನೇನು ಅತ್ತೇಬಿಡ್ತಾನೆ ಅನ್ನೋ ದನಿ. ಡೆಕ್‌ದು ನೇರ, ಸ್ಪಷ್ಟ, ಒಂದೇ ಮಟ್ಟ. ಒಳಪ್ರಾಸದ ಮೇಲೆ ಒಳಪ್ರಾಸ ಜೋಡಿಸಿ ಗೋಡೆ ಕಟ್ಟಿದ ಹಾಗೆ. ಮೊದಲ ಆಲ್ಬಂನಲ್ಲೇ ಮೆಥಡ್ ಮ್ಯಾನ್ ಅವನನ್ನ ಪರಿಚಯಿಸೋದು ಸುಮ್ಮನೆ ಕೂತು ಎದುರಿನವರನ್ನ ಗಮನಿಸೋನು ಅಂತ. ಅಂಥವನು ಎದ್ದು ಒಂದು ನಿಮಿಷ ಮಾತಾಡಿದರೆ ಸಭೆಯೇ ತಿರುಗಿ ನೋಡುತ್ತೆ. ಒಂದು ಗಂಟೆ ಮಾತಾಡಬೇಕಾದರೆ? ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು, ಯಾವುದನ್ನ ಹೇಳದೇ ಬಿಡಬೇಕು ಅಂತ ನೋಡಿಕೊಳ್ಳೋ ಇನ್ನೊಬ್ಬರು ಬೇಕು.

ನನ್ನ ಚಿಕ್ಕಪ್ಪ ಊರ ತಾಳಮದ್ದಲೆಯಲ್ಲಿ ಅರ್ಥ ಹೇಳ್ತಿದ್ದರು. ‘ಕೃಷ್ಣ ಸಂಧಾನ’ ಪ್ರಸಂಗ ಆದರೆ ವಿದುರ ಅವರದ್ದೇ. ಕಾಲು ಗಂಟೆಯ ಪಾತ್ರ. ಕೃಷ್ಣ ಮನೆಗೆ ಬಂದಾಗ ಅವರು ಆಡುತ್ತಿದ್ದ ನಾಲ್ಕು ಮಾತಿಗೆ ಹೆಂಗಸರು ಕಣ್ಣೊರೆಸಿಕೊಳ್ತಿದ್ದರು. ಒಂದು ವರ್ಷ ಎಲ್ಲರೂ ಸೇರಿ ಅವರಿಗೇ ಕೃಷ್ಣ ಕೊಟ್ಟರು. ಆ ದಿನ ಹಳೇ ಭಾಗವತರು ಬಂದಿರಲಿಲ್ಲ, ಬೇರೆ ಊರಿನವರು ಪದ್ಯ ಹೇಳಿದರು. ಚಿಕ್ಕಪ್ಪನ ಕೃಷ್ಣ ತಪ್ಪೇನೂ ಮಾತಾಡಲಿಲ್ಲ. ಆದರೆ ಮಧ್ಯರಾತ್ರಿ ಹೊತ್ತಿಗೆ ಒಬ್ಬೊಬ್ಬರೇ ಕವಳ ಹಾಕೋ ನೆಪದಲ್ಲಿ ಎದ್ದು ಹೊರಗೆ ಹೋದರು. ಮರುದಿನ ತೋಟದಲ್ಲಿ ಚಿಕ್ಕಪ್ಪ ನನ್ನ ಹತ್ರ ಹೇಳಿದ್ದು ಇಷ್ಟು: ‘ಆ ಭಾಗವತರು ಇದ್ದಿದ್ರೆ ಸರೀ ಹೊತ್ತಿಗೆ ಮುಂದಿನ ಪದ್ಯ ಎತ್ತಿ ನನ್ನ ಬಾಯಿ ಮುಚ್ಚಿಸ್ತಿದ್ರು ಮಾರಾಯ. ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಗೊತ್ತಾಗ್ಲೇ ಇಲ್ಲ.’

ಈಗ ಚಿಕ್ಕಪ್ಪ ಇಲ್ಲ. ಊರಲ್ಲಿ ಅವರ ಹೆಸರು ಬಂದರೆ ಜನ ನೆನೆಯೋದು ವಿದುರನನ್ನೇ. ಆ ಕೃಷ್ಣ ಯಾರಿಗೂ ನೆನಪಿಲ್ಲ. ಅವರಿಗೆ ಮಾತ್ರ ಕೊನೆವರೆಗೂ ನೆನಪಿತ್ತು.

ಇನ್ನು ನನ್ನ ವಿಷಯ. ಆಫೀಸಿನಲ್ಲಿ ನಾನು ಮೊದಲ ಚರಣದವನು. ಹೊಸ ಪ್ರಾಜೆಕ್ಟ್ ಶುರುವಾದರೆ ಅದರ ಕಷ್ಟದ ಭಾಗ ಬರೆಯೋಕೆ ಮೂರು ತಿಂಗಳು ನನ್ನನ್ನ ಹಾಕ್ತಾರೆ. ಬುನಾದಿ ಬಿತ್ತು ಅನ್ನೋವಾಗ ಇನ್ನೊಂದಕ್ಕೆ ಕಳಿಸ್ತಾರೆ. ರಾತ್ರಿ ಎರಡು ಗಂಟೆಗೆ ಸಿಸ್ಟಂ ಬಿದ್ದರೆ ಮೊದಲ ಫೋನು ನನಗೆ. ಕಳೆದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬಹಳ ಹೊಗಳಿ, ಆಮೇಲೆ ಪ್ರಮೋಷನ್ ಇಲ್ಲ ಅಂದರು. ಇಂಗ್ಲಿಷಲ್ಲಿ ಹೇಳಿದ್ದರ ಸಾರ ಇಷ್ಟು: ನಿನ್ನ ಕೆಲಸ ಎಲ್ಲ ಪ್ರಾಜೆಕ್ಟಲ್ಲೂ ಕಾಣುತ್ತೆ, ಆದರೆ ಇದು ಪೂರ್ತಿ ಅವನದು ಅಂತ ತೋರಿಸೋಕೆ ಒಂದೂ ಇಲ್ಲ. ನನ್ನನ್ನ ಅಲ್ಲಿಂದಿಲ್ಲಿಗೆ ಕಳಿಸಿದ್ದು ಯಾರು ಸ್ವಾಮಿ? ನನ್ನ ಬುನಾದಿ ಮೇಲೆ ಮನೆ ಕಟ್ಟಿದ ಇಬ್ಬರು ಹುಡುಗರು ಈಗ ಲೀಡ್ ಆಗಿದ್ದಾರೆ. ಒಳ್ಳೇ ಹುಡುಗರು, ಅವರ ಮೇಲೆ ನನಗೇನೂ ಇಲ್ಲ.

ಎರಡು ತಿಂಗಳ ಹಿಂದೆ ಕರೆದು ‘ಈಗ ನಿನ್ನ ಸರದಿ’ ಅಂದರು. ಒಂದು ಹಳೇ ಪ್ರಾಡಕ್ಟ್, ಮೂರು ವರ್ಷದಿಂದ ಮೂಲೆಯಲ್ಲಿ ಬಿದ್ದಿದೆ. ಅದನ್ನ ಕಟ್ಟಿದವರು ಒಬ್ಬೊಬ್ಬರಾಗಿ ಬೇರೆ ಟೀಮಿಗೆ ಹೋಗಿದ್ದಾರೆ, ಅರ್ಧ ಜನ ಕಂಪನಿಯನ್ನೇ ಬಿಟ್ಟಿದ್ದಾರೆ. ಬಜೆಟ್ ಕಡಿಮೆ. ಪೂರ್ತಿ ನಿನ್ನದು, ಏನು ಬೇಕಾದರೂ ಮಾಡು ಅಂದರು. ಗೆಳೆಯರು ‘ಮಗಾ, ಇನ್ನೇನು ಬೇಕು, ತಗೋ’ ಅಂದರು. ನಾನು ಆ ರಾತ್ರಿ ಮನೆಗೆ ಹೋಗೋವಾಗ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸಲ್ಲಿ ಕೂತು ‘ಅನ್‌ಕಂಟ್ರೋಲ್ಡ್ ಸಬ್‌ಸ್ಟೆನ್ಸ್’ ಇನ್ನೊಮ್ಮೆ ಕೇಳಿದೆ. ಆ ಟ್ರಾಫಿಕ್ಕಲ್ಲಿ ಅರ್ಧ ಆಲ್ಬಂ ಆರಾಮಾಗಿ ಕೇಳಬಹುದು!

ಕೇಳ್ತಾ ಒಂದು ವಿಷಯ ಖಚಿತ ಆಯ್ತು. ಸರದಿ ಕೊಡೋದು ಬೇರೆ, ತಡವಾಗಿ ಕೊಡೋದು ಬೇರೆ. ಕೈಲಿದ್ದ ಒಳ್ಳೇ ಬೀಟ್, ಒಳ್ಳೇ ಜನ, ಒಳ್ಳೇ ಸಮಯ ಎಲ್ಲ ಹಂಚಿ ಮುಗಿದ ಮೇಲೆ ‘ಈಗ ನಿನ್ನ ಪ್ರತಿಭೆ ತೋರಿಸು’ ಅಂದರೆ, ಬರೋ ಆಲ್ಬಂ ಹೇಗಿರುತ್ತೆ ಅಂತ ಮೊದಲೇ ಹೇಳಬಹುದು. ಆಮೇಲೆ ಎಲ್ಲರೂ ‘ಅವನು ಟೀಮಲ್ಲಿ ಚೆನ್ನಾಗಿದ್ದ, ಒಬ್ಬನೇ ಮಾಡೋ ಶಕ್ತಿ ಇರಲಿಲ್ಲ’ ಅಂತ ಷರಾ ಬರೀತಾರೆ. ಡೆಕ್‌ಗೆ ಇಪ್ಪತ್ತು ವರ್ಷದಿಂದ ಇದನ್ನೇ ಬರೀತಿದ್ದಾರೆ.

ನಾನು ಆ ಪ್ರಾಡಕ್ಟ್ ಬೇಡ ಅನ್ನಲಿಲ್ಲ. ಒಂದು ಷರತ್ತು ಹಾಕಿದೆ. ನಮ್ಮ ಆಫೀಸಲ್ಲಿ ಒಬ್ಬರು ಹಿರಿಯ ಸಹೋದ್ಯೋಗಿ ಇದ್ದಾರೆ, ನನ್ನ ಕೋಡ್ ರಿವ್ಯೂ ಮಾಡೋವಾಗ ಅರ್ಧಕ್ಕರ್ಧ ಹೊಡೆದು ಹಾಕ್ತಾರೆ. ಏಳು ವರ್ಷದಿಂದ ಅವರ ಜೊತೆ ಜಗಳ ಆಡಿದ್ದೀನಿ. ನನ್ನ ಒಳ್ಳೇ ಕೆಲಸ ಅಂತ ಆಫೀಸಲ್ಲಿ ಯಾವುದನ್ನ ಹೇಳ್ತಾರೋ ಅದೆಲ್ಲ ಅವರ ಕೈ ದಾಟಿ ಬಂದದ್ದು. ಅವರನ್ನ ಆರು ತಿಂಗಳು ಈ ಪ್ರಾಡಕ್ಟ್‌ಗೆ ಕೊಡಿ, ಕೊಟ್ಟರೆ ಮಾತ್ರ ತಗೋತೀನಿ ಅಂದೆ. ‘ಹಾಗಾದ್ರೆ ಅದು ನಿನ್ನ ಸ್ವಂತದ್ದು ಹೇಗಾಗುತ್ತೆ?’ ಅಂತ ಮ್ಯಾನೇಜರ್ ಕೇಳಿದರು. ರೇಕ್ವಾನ್ ಆಲ್ಬಂನ ಬೀಟ್‌ಗಳೆಲ್ಲ ರಿಝಾದೇ, ಅದನ್ನ ಯಾರೂ ರಿಝಾ ಆಲ್ಬಂ ಅನ್ನಲ್ಲ ಸಾರ್ ಅಂತ ಬಾಯಿ ತುದಿವರೆಗೂ ಬಂತು. ಅವರಿಗೆ ಅದನ್ನ ವಿವರಿಸೋ ಹೊತ್ತು ಅದಾಗಿರಲಿಲ್ಲ. ಆ ಸಹೋದ್ಯೋಗಿಯನ್ನ ಕೇಳಿದ್ದಕ್ಕೆ ಅವರು ನಕ್ಕು, ‘ಜಗಳ ಆಡೋಕೆ ನಾನು ರೆಡಿ’ ಅಂದರು. ಮ್ಯಾನೇಜರ್ ಉತ್ತರ ಇನ್ನೂ ಬಂದಿಲ್ಲ.

ಡೆಕ್ ಕಥೆ 1999ಕ್ಕೆ ಮುಗಿಯಲಿಲ್ಲ ಅನ್ನೋದನ್ನ ಹೇಳದಿದ್ದರೆ ಅನ್ಯಾಯ ಆಗುತ್ತೆ. ಆಮೇಲೆ ಅವನು ಇನ್ನೂ ಕೆಲವು ಸ್ವಂತ ಆಲ್ಬಂ ಮಾಡಿದ, ಸದ್ದಾಗಲಿಲ್ಲ. 2013ರಲ್ಲಿ ಬಾಸ್ಟನ್ನಿನ ಸೆವೆನ್-ಎಲ್ ಮತ್ತು ಎಸೊಟೆರಿಕ್ ಅನ್ನೋ ಜೋಡಿಯ ಜೊತೆ ಸೇರಿ ‘ಝಾರ್‌ಫೇಸ್’ ಅಂತ ತಂಡ ಕಟ್ಟಿದ. ಬೀಟ್ ಕಡೆ ನೋಡಿಕೊಳ್ಳೋಕೆ ಜನ, ಚರಣ ಹಂಚಿಕೊಳ್ಳೋಕೆ ಇನ್ನೊಬ್ಬ. ಕಾಮಿಕ್ ಪುಸ್ತಕದ ವೇಷ. ನಲವತ್ತು ದಾಟಿದ ಮೇಲೆ ಮನುಷ್ಯ ಮತ್ತೆ ಬೆಂಕಿ. 2018ರಲ್ಲಿ ಎಂಎಫ್ ಡೂಮ್ ಜೊತೆ ಒಂದು ಆಲ್ಬಂ, ಮರುವರ್ಷ ಹಳೇ ಗೆಳೆಯ ಘೋಸ್ಟ್‌ಫೇಸ್ ಜೊತೆ ಇನ್ನೊಂದು. ಒಬ್ಬನೇ ನಿಂತು ಗೆಲ್ಲಲಿಲ್ಲ ಅಂತ ಅವನು ಹಾಡೋದನ್ನ ಬಿಡಲಿಲ್ಲ. ತನಗೆ ಒಗ್ಗುವ ಅಳತೆಯ ತಂಡವನ್ನ ತಾನೇ ಹುಡುಕಿಕೊಂಡ.

ನೀವು ಕೇಳೋದಾದರೆ ಈ ಕ್ರಮದಲ್ಲಿ ಕೇಳಿ. ಮೊದಲು ‘ಕ್ರೀಮ್’, ಆಮೇಲೆ ‘ಟ್ರಯಂಫ್’. ಅದಾದ ಮೇಲೆ ಗ್ಯಾಂಗ್ ಸ್ಟಾರ್ ತಂಡದ ‘ಅಬೌವ್ ದ ಕ್ಲೌಡ್ಸ್’ ಹಾಡಲ್ಲಿ ಅವನು ಅತಿಥಿಯಾಗಿ ಬಂದು ಹಾಡಿದ ಚರಣ. ನಂತರ ಒಂದು ಝಾರ್‌ಫೇಸ್ ಆಲ್ಬಂ. ಇಷ್ಟಾದ ಮೇಲೂ ಪುರುಸೊತ್ತಿದ್ದರೆ, ಒಂದು ಭಾನುವಾರ ಮಧ್ಯಾಹ್ನ, ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳದೆ ‘ಅನ್‌ಕಂಟ್ರೋಲ್ಡ್ ಸಬ್‌ಸ್ಟೆನ್ಸ್’ ಹಾಕಿ. ನಡುವೆ ಬೇಜಾರಾದರೆ ಎದ್ದು ಕಾಫಿ ಮಾಡಿಕೊಳ್ಳಿ. ‘ಶೋ ಎನ್ ಪ್ರೂವ್’ ಬರೋ ಹೊತ್ತಿಗೆ ಮಾತ್ರ ವಾಪಸ್ ಬಂದು ಕೂತಿರಿ.